ಕೊಳ್ಳಬಹುದಾದ ಜಮೀನನ್ನು ಕಿತ್ತುಕೊಳ್ಳುವುದೇಕೆ?

ನೂರು ರೂಪಾಯಿಯ ಒಂದು ಪ್ರಕರಣದಿಂದ ಶುರು ಮಾಡೋಣ. 1961ರಲ್ಲಿ ಪಂಜಾಬ್ ಸರ್ಕಾರ ಆರು ಎಕರೆಗಿಂತ ತುಸು ಹೆಚ್ಚಿದ್ದ ಒಂದು ಜಮೀನನ್ನು ಸ್ವಾಧೀನಪಡಿಸಿಕೊಳ್ಳಲು ಹೊರಟಿತು. ಅದರ ಮಾಲೀಕರು ಅದೇ ವರ್ಷ ನಾಲ್ಕೂವರೆ ಲಕ್ಷ ರೂಪಾಯಿ ಸುರಿದು, ತಮ್ಮದೇ ಒಂದು ಕಾರ್ಖಾನೆ ಕಟ್ಟಲೆಂದು ಆ ಜಮೀನು ಕೊಂಡಿದ್ದರು. ಸರ್ಕಾರಕ್ಕೆ ಅದು ಬೇಕಾಗಿದ್ದು ಶಾಲೆಗೋ ಆಸ್ಪತ್ರೆಗೋ ಅಲ್ಲ. ಕಂಪ್ರೆಸರ್ ತಯಾರಿಸುವ ಇನ್ನೊಂದು ಖಾಸಗಿ ಕಂಪನಿಗೆ ಕೊಡಲು. ಒಬ್ಬ ಉದ್ಯಮಿಯಿಂದ ಕಸಿದು ಇನ್ನೊಬ್ಬ ಉದ್ಯಮಿಯ ಕೈಗಿಡುವುದು ಸಾರ್ವಜನಿಕ ಉದ್ದೇಶ ಹೇಗಾದೀತು ಎಂದು ಮಾಲೀಕರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು.

ಆಗ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯ್ದೆಯಲ್ಲಿ ಒಂದು ಷರತ್ತಿತ್ತು. ಪರಿಹಾರದ ಹಣ ಪೂರ್ತಿಯಾಗಿಯೋ ಭಾಗಶಃವೋ ಸರ್ಕಾರದ ಬೊಕ್ಕಸದಿಂದ ಬಂದಿದ್ದರೆ ಮಾತ್ರ ಅದನ್ನು ಸಾರ್ವಜನಿಕ ಉದ್ದೇಶದ ಸ್ವಾಧೀನ ಎಂದು ಘೋಷಿಸಬಹುದು. ಪಂಜಾಬ್ ಸರ್ಕಾರ ಬೊಕ್ಕಸದಿಂದ ಮಂಜೂರು ಮಾಡಿದ್ದು ನೂರು ರೂಪಾಯಿ. ಮಿಕ್ಕಿದ್ದೆಲ್ಲ ಕಂಪನಿಯ ಹಣ. ಸೋಮವಂತಿ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ 1962ರಲ್ಲಿ ಬಹುಮತದ ತೀರ್ಪು ಬಂತು: ನೂರು ರೂಪಾಯಿಯೂ ‘ಭಾಗಶಃ’ವೇ, ಸಾಕು. ನ್ಯಾಯಮೂರ್ತಿ ಕೆ. ಸುಬ್ಬರಾವ್ ಒಬ್ಬರು ಮಾತ್ರ ಒಪ್ಪಲಿಲ್ಲ.

ಅದೇ ಹೊತ್ತಿಗೆ ಕಾನ್ಪುರದಿಂದ ಇನ್ನೊಂದು ಪ್ರಕರಣ ಬಂದಿತ್ತು. ಜವಳಿ ಯಂತ್ರಗಳ ಬಿಡಿಭಾಗ ತಯಾರಿಸುವ ಕಂಪನಿಗೆ ಜಮೀನು ಹಿಡಿದುಕೊಟ್ಟಿದ್ದನ್ನು ಸುಪ್ರೀಂ ಕೋರ್ಟ್ ಅಲ್ಲಿ ತಳ್ಳಿಹಾಕಿತು. ಕಾರ್ಖಾನೆಯಿಂದ ಜನರಿಗೆ ನೇರವಾದ ಉಪಯೋಗ ಇರಬೇಕು, ಅದರ ಸರಕು ಎಂದೋ ಯಾರಿಗೋ ಉಪಯೋಗಕ್ಕೆ ಬಂದೀತು ಎಂದರೆ ಸಾಲದು ಎಂದಿತು. ಕೇಂದ್ರ ಸರ್ಕಾರ ಮಾಡಿದ್ದೇನು? 1962ರಲ್ಲಿ ಸುಗ್ರೀವಾಜ್ಞೆ ತಂದು, ಕಾಯ್ದೆಯನ್ನೇ ಪೂರ್ವಾನ್ವಯವಾಗಿ ತಿದ್ದಿತು. ಕೋರ್ಟು ಮುಚ್ಚಿದ ದಾರಿ ಕೆಲವೇ ತಿಂಗಳಲ್ಲಿ ತೆರೆಯಿತು. ಖಾಸಗಿ ಯೋಜನೆಗೆ ಸರ್ಕಾರ ಜಮೀನು ಹಿಡಿದುಕೊಡುವ ಚಾಳಿ ಉದಾರೀಕರಣದಿಂದ ಬಂದದ್ದು ಎಂದು ನಂಬಿದವರು ಈ ಎರಡು ಪ್ರಕರಣಗಳನ್ನು ನೆನಪಿಟ್ಟುಕೊಳ್ಳಬೇಕು. ಅದು ನೆಹರೂ ಕಾಲದಲ್ಲೇ ಗಟ್ಟಿಯಾಗಿ ಬೇರುಬಿಟ್ಟಿತ್ತು.

ಇಷ್ಟಕ್ಕೂ, ಮಾಲೀಕ ಮಾರಲು ಒಲ್ಲೆನೆಂದರೂ ಜಮೀನು ಕಿತ್ತುಕೊಳ್ಳುವ ಅಧಿಕಾರ ಸರ್ಕಾರಕ್ಕೆ ಏಕಿರಬೇಕು? ಇದಕ್ಕೆ ಒಳ್ಳೆಯ ಕಾರಣವೇ ಇದೆ. ಕಾಲುವೆಯೊಂದು ನೂರು ಹೊಲಗಳನ್ನು ಹಾದುಹೋಗಬೇಕು ಎನ್ನಿ. ತೊಂಬತ್ತೊಂಬತ್ತು ಮಂದಿ ಒಪ್ಪಿ, ನಡುವಿನ ಒಬ್ಬರು ಒಪ್ಪದಿದ್ದರೆ ಕಾಲುವೆಯೇ ಇಲ್ಲ. ಆ ಒಬ್ಬರು ಮನಸ್ಸು ಮಾಡಿದರೆ ಎಷ್ಟು ಬೇಕಾದರೂ ಬೆಲೆ ಕೇಳಬಹುದು. ರೈಲು ಹಳಿ, ಹೆದ್ದಾರಿ, ಕುಡಿಯುವ ನೀರಿನ ಪೈಪು, ಹೈಟೆನ್ಷನ್ ತಂತಿ ಎಲ್ಲದರ ಕಥೆಯೂ ಇದೇ. ಅಣೆಕಟ್ಟಿನ ಹಿನ್ನೀರು ಎಲ್ಲಿಯವರೆಗೆ ನಿಲ್ಲಬೇಕೆಂಬುದನ್ನು ಭೂಮಿಯ ಇಳಿಜಾರು ತೀರ್ಮಾನಿಸುತ್ತದೆಯೇ ಹೊರತು ಮಾಲೀಕರ ಇಷ್ಟಾನಿಷ್ಟವಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಕೇರಿಗಳು ಮುಳುಗಿದ್ದು ದೊಡ್ಡ ದುಃಖ. ಪುನರ್ವಸತಿಯಲ್ಲಿ ಆದ ಅನ್ಯಾಯಗಳ ಪಟ್ಟಿ ಉದ್ದವಿದೆ. ಆದರೂ ಆ ನೀರನ್ನು ಬೇರೆಲ್ಲಾದರೂ ನಿಲ್ಲಿಸಿ ಎನ್ನಲು ಬರುವುದಿಲ್ಲ.

ಈಗ ಒಂದು ಕೈಗಾರಿಕಾ ಪ್ರದೇಶವನ್ನೋ ಐಟಿ ಪಾರ್ಕನ್ನೋ ಟೌನ್‌ಶಿಪ್ಪನ್ನೋ ನೋಡಿ. ಅದು ಗೆರೆಯಲ್ಲ, ತುಂಡು. ಇಲ್ಲಿಲ್ಲದಿದ್ದರೆ ಎರಡು ಮೈಲಿ ಆಚೆ ಆದೀತು. ನಡುವೆ ಯಾರೋ ನಾಲ್ಕು ಎಕರೆ ಕೊಡದಿದ್ದರೆ ಬೇಲಿಯನ್ನು ಸುತ್ತಿಸಿ ಹಾಕಬಹುದು. ಅಂಥ ಕಡೆ ಕಂಪನಿಯೊಂದು ನಮಗೆ ಇದೇ ಜಾಗ ಬೇಕು ಎಂದಾಗ ಅದರರ್ಥ ಸಾಮಾನ್ಯವಾಗಿ ಇಷ್ಟೇ: ವಿಮಾನ ನಿಲ್ದಾಣಕ್ಕೆ ಹತ್ತಿರವಿದೆ, ಹೆದ್ದಾರಿ ಪಕ್ಕದಲ್ಲಿದೆ, ನೀರಿದೆ. ಇವೆಲ್ಲ ಹೆಚ್ಚು ಬೆಲೆ ಕೊಡುವುದಕ್ಕೆ ಕಾರಣಗಳು. ಬಲವಂತಕ್ಕೆ ಕಾರಣಗಳಲ್ಲ.

ಹಾಗಾಗಿ ‘ಈ ಯೋಜನೆಯಿಂದ ಸಾರ್ವಜನಿಕರಿಗೆ ಲಾಭವಿದೆಯೇ’ ಎಂಬ ಪ್ರಶ್ನೆಯಿಂದ ನಾವು ಬಹಳ ದೂರ ಹೋಗಲಾರೆವು. ಲಾಭವಿಲ್ಲದ ಉದ್ದಿಮೆ ಯಾವುದಿದೆ? ಹೋಟೆಲು ಬಂದರೂ ನಾಲ್ಕು ಜನಕ್ಕೆ ಕೆಲಸ, ಸರ್ಕಾರಕ್ಕೆ ತೆರಿಗೆ. ಈ ಅಳತೆಗೋಲು ಹಿಡಿದರೆ ಯಾರ ಮನೆಯನ್ನೂ ಯಾರಿಗಾದರೂ ಕೊಡಬಹುದು. ಕೇಳಬೇಕಾದ ಪ್ರಶ್ನೆ ಬೇರೆಯೇ: ಇದನ್ನು ಒಪ್ಪಿಗೆಯಿಂದ ಕೊಳ್ಳಲು ಆಗುವುದೇ ಇಲ್ಲವೇ? ಆಗುತ್ತದೆ ಎಂದಾದರೆ ಕಿತ್ತುಕೊಳ್ಳುವ ಮಾತೇ ಬರಬಾರದು. ನನ್ನ ವಾದವೆಲ್ಲ ಇಷ್ಟೇ.

ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ಎಂಬ ಸಣ್ಣ ಊರಿನಲ್ಲಿ ಆದದ್ದನ್ನು ಇಲ್ಲಿ ಹೇಳಬೇಕು. ಫೈಜರ್ ಔಷಧ ಕಂಪನಿ ಅಲ್ಲಿ ದೊಡ್ಡ ಸಂಶೋಧನಾ ಕೇಂದ್ರ ಕಟ್ಟುತ್ತದೆಂದಾಗ, ಅದರ ಪಕ್ಕದ ಫೋರ್ಟ್ ಟ್ರಂಬುಲ್ ಎಂಬ ಕೇರಿಯನ್ನು ತೆಗೆದು ಹೋಟೆಲು, ಕಚೇರಿ, ಹೊಸ ಮನೆಗಳನ್ನು ಕಟ್ಟಿಸಲು ನಗರಾಡಳಿತ ಯೋಜನೆ ಹಾಕಿತು. ಬಹಳಷ್ಟು ಜನ ಮಾರಿಕೊಂಡು ಹೋದರು. ಒಂಬತ್ತು ಮಾಲೀಕರು ತಮ್ಮ ಹದಿನೈದು ಆಸ್ತಿಗಳನ್ನು ಬಿಡಲಿಲ್ಲ. ಅವರಲ್ಲಿ ಗುಲಾಬಿ ಬಣ್ಣದ ಪುಟ್ಟ ಮನೆಯ ಒಡತಿ ಸುಸೆಟ್ ಕೆಲೋ ಒಬ್ಬರು. ಇನ್ನೊಬ್ಬ ಅಜ್ಜಿ 1918ರಲ್ಲಿ ಹುಟ್ಟಿದ್ದೇ ಆ ಮನೆಯಲ್ಲಿ. 2005ರ ಜೂನ್ 23ರಂದು ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ನಗರಾಡಳಿತದ ಪರ ತೀರ್ಪಿತ್ತಿತು. ಆರ್ಥಿಕ ಅಭಿವೃದ್ಧಿಯೂ ಸಾರ್ವಜನಿಕ ಉಪಯೋಗವೇ ಎಂಬುದು ಅದರ ಸಾರ. ಹೀಗಾದರೆ ಯಾವ ಹೊಲವನ್ನಾದರೂ ಕಾರ್ಖಾನೆಗೆ, ಯಾವ ಮನೆಯನ್ನಾದರೂ ಮಾಲ್‌ಗೆ ಬಿಟ್ಟುಕೊಡಬೇಕಾದೀತು ಎಂದು ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ಭಿನ್ನಮತದಲ್ಲಿ ಬರೆದರು. ಇಂಥ ಸ್ವಾಧೀನದ ಪೆಟ್ಟು ಬೀಳುವುದು ಹೆಚ್ಚಾಗಿ ಬಡವರ, ಕಪ್ಪುಜನರ ಕೇರಿಗಳ ಮೇಲೆ ಎಂದು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಬೇರೆಯಾಗಿ ಬರೆದರು.

ಮನೆಗಳು ಹೋದವು. ಹೋಟೆಲು ಬರಲಿಲ್ಲ. 2009ರಲ್ಲಿ ಫೈಜರ್ ಕೂಡ ತನ್ನ ಕೇಂದ್ರವನ್ನು ಅಲ್ಲಿಂದ ಎತ್ತುತ್ತೇನೆಂದು ಘೋಷಿಸಿತು. ವರ್ಷಗಟ್ಟಲೆ ಆ ಜಾಗದಲ್ಲಿ ಹುಲ್ಲು ಬೆಳೆಯಿತು, ಬೀದಿಬೆಕ್ಕುಗಳು ಸೇರಿಕೊಂಡವು. ಆದರೆ ನಮಗೆ ಮುಖ್ಯವಾದದ್ದು ಆಮೇಲಿನ ಸಂಗತಿ. ರಾಜ್ಯಗಳು ಬೇಕಿದ್ದರೆ ಇದಕ್ಕಿಂತ ಬಿಗಿಯಾದ ಕಟ್ಟುಪಾಡು ಹಾಕಿಕೊಳ್ಳಬಹುದು ಎಂದು ಬಹುಮತದ ತೀರ್ಪೇ ಹೇಳಿತ್ತು. ಜನ ಸಿಟ್ಟಿಗೆದ್ದರು, 40ಕ್ಕೂ ಹೆಚ್ಚು ರಾಜ್ಯಗಳು ತಮ್ಮ ಕಾನೂನು ತಿದ್ದಿಕೊಂಡವು. ಕೋರ್ಟು ‘ಮಾಡಬಹುದು’ ಎಂದದ್ದನ್ನು ಶಾಸನಸಭೆಗಳು ‘ನಾವು ಮಾಡುವುದಿಲ್ಲ’ ಎಂದವು. ಈ ವ್ಯತ್ಯಾಸವನ್ನು ನಮ್ಮಲ್ಲಿ ಸಾಕಷ್ಟು ಗಮನಿಸಿಲ್ಲ. ನಾವು ಎಲ್ಲದಕ್ಕೂ ಕೋರ್ಟಿನ ಕಡೆ ನೋಡುತ್ತೇವೆ.

ನಮ್ಮ ಸಂವಿಧಾನದಲ್ಲಿ ಆಸ್ತಿ ಈಗ ಮೂಲಭೂತ ಹಕ್ಕಲ್ಲ. 1978ರ 44ನೇ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆದು 300ಎ ವಿಧಿಯಲ್ಲಿ ಇಟ್ಟಿತು: ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ತೆಗೆದುಕೊಳ್ಳುವಂತಿಲ್ಲ. ಭೂಸುಧಾರಣೆಗೆ ಅಡ್ಡಬರುತ್ತಿದ್ದ ಜಮೀನ್ದಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಸಡಿಲಿಸಿದ ಹಕ್ಕು ಅದು. ಕೊನೆಗೆ ಅದರ ಬಿಸಿ ಹೆಚ್ಚು ತಟ್ಟಿದ್ದು ಎರಡೆಕರೆಯ ರೈತನಿಗೆ. ಆದರೂ 300ಎ ಟೊಳ್ಳು ವಿಧಿಯಲ್ಲ. 2024ರಲ್ಲಿ ಕೋಲ್ಕತ್ತ ಮಹಾನಗರ ಪಾಲಿಕೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅದರೊಳಗೆ ಏಳು ಹಕ್ಕುಗಳನ್ನು ಗುರುತಿಸಿತು. ನೋಟಿಸು ಪಡೆಯುವುದು, ಆಕ್ಷೇಪಣೆ ಹೇಳಿಕೊಳ್ಳುವುದು, ಕಾರಣಸಹಿತ ತೀರ್ಮಾನ ಕೇಳುವುದು, ನ್ಯಾಯವಾದ ಪರಿಹಾರ ಪಡೆಯುವುದು ಅವುಗಳಲ್ಲಿ ಸೇರಿವೆ. ಜಮೀನು ಸಾರ್ವಜನಿಕ ಉದ್ದೇಶಕ್ಕೇ ಹೋಗುತ್ತಿದೆ ಎಂದು ತೋರಿಸುವ ಹೊಣೆ ಸರ್ಕಾರದ್ದು ಎಂಬುದೂ ಇದೆ.

2013ರಲ್ಲಿ ಸಂಸತ್ತು ಹಳೆಯ ಕಾಯ್ದೆಯನ್ನು ತೆಗೆದುಹಾಕಿ ಹೊಸದನ್ನು ತಂದಿತು. 2014ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಅದಕ್ಕೆ ಮುನ್ನ ಪಶ್ಚಿಮ ಬಂಗಾಳದ ಸಿಂಗೂರು, ನಂದಿಗ್ರಾಮಗಳಲ್ಲಿ ಭೂಸ್ವಾಧೀನದ ವಿರುದ್ಧದ ಹೋರಾಟಗಳು ಆಗಿಹೋಗಿದ್ದವು. ಖಾಸಗಿ ಕಂಪನಿಗಾಗಿ ಸ್ವಾಧೀನವಾದರೆ ಜಮೀನು ಕಳೆದುಕೊಳ್ಳುವ ಕುಟುಂಬಗಳಲ್ಲಿ ಶೇ 80ರಷ್ಟು, ಸರ್ಕಾರಿ–ಖಾಸಗಿ ಸಹಭಾಗಿತ್ವವಾದರೆ ಶೇ 70ರಷ್ಟು ಮೊದಲೇ ಒಪ್ಪಿರಬೇಕು ಎಂದು ಅದು ಹೇಳುತ್ತದೆ. ಯೋಜನೆಯಿಂದ ಯಾರ ಬದುಕು ಏನಾಗುತ್ತದೆ ಎಂಬ ಸಾಮಾಜಿಕ ಪರಿಣಾಮದ ಅಧ್ಯಯನ ಕಡ್ಡಾಯ ಎನ್ನುತ್ತದೆ. ಕೇಂದ್ರ ಸರ್ಕಾರ 2014ರ ಡಿಸೆಂಬರಿನಲ್ಲಿ ಸುಗ್ರೀವಾಜ್ಞೆಯ ಮೂಲಕ ಒಪ್ಪಿಗೆಯ ಷರತ್ತನ್ನು ಐದು ಬಗೆಯ ಯೋಜನೆಗಳಿಗೆ ತೆಗೆಯಲು ನೋಡಿತು. ದೇಶದ ರೈತರು ತಿರುಗಿಬಿದ್ದರು, 2015ರ ಆಗಸ್ಟಿನಲ್ಲಿ ಸುಗ್ರೀವಾಜ್ಞೆ ಸತ್ತಿತು. ರೈತರು ಗೆದ್ದರು ಎಂದೇ ಎಲ್ಲರೂ ಬರೆದರು.

ಕರ್ನಾಟಕದಲ್ಲಿ ಆ ಗೆಲುವಿಗೆ ಅರ್ಥ ಕಡಿಮೆ. ಮುಂಬಾಗಿಲಿಗೆ ಬೀಗ ಬಿತ್ತು, ಹಿತ್ತಿಲ ಬಾಗಿಲು ತೆರೆದೇ ಇತ್ತು. ಆ ಹಿತ್ತಿಲ ಬಾಗಿಲೇ 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ; ಅದರಡಿ ರಚನೆಯಾದ ಮಂಡಳಿಯೇ ಎಲ್ಲರ ಬಾಯಲ್ಲಿರುವ ಕೆಐಎಡಿಬಿ. ಈ ಕಾಯ್ದೆಯ ಕ್ರಮ ಸರಳ. ಸರ್ಕಾರ ಒಂದು ಪ್ರದೇಶವನ್ನು ಕೈಗಾರಿಕಾ ಪ್ರದೇಶವೆಂದು ಘೋಷಿಸುತ್ತದೆ. 28(1)ರ ಅಡಿ ಪ್ರಾಥಮಿಕ ಅಧಿಸೂಚನೆ ಹೊರಡುತ್ತದೆ. ಆಕ್ಷೇಪಣೆ ಕೇಳಿದ ಶಾಸ್ತ್ರ ಮುಗಿದ ಮೇಲೆ 28(4)ರ ಅಡಿ ಅಂತಿಮ ಅಧಿಸೂಚನೆ. ಅದು ಗೆಜೆಟ್‌ನಲ್ಲಿ ಬಂದ ಕ್ಷಣ ಜಮೀನು ಸರ್ಕಾರದ್ದು. ಒಪ್ಪಿಗೆ ಎಷ್ಟು ಜನರದ್ದು ಎಂಬ ಲೆಕ್ಕ ಇದರಲ್ಲಿಲ್ಲ. ಸಾಮಾಜಿಕ ಪರಿಣಾಮದ ಅಧ್ಯಯನವೂ ಇಲ್ಲ. ಹೀಗೆ ಪಡೆದ ಜಮೀನು ಕೊನೆಗೆ ಒಂದೇ ಒಂದು ಕಂಪನಿಯ ಪಾಲಾದರೂ ತಪ್ಪಿಲ್ಲ, ಕೈಗಾರಿಕಾಭಿವೃದ್ಧಿಯೇ ಸಾರ್ವಜನಿಕ ಉದ್ದೇಶ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಕರ್ನಾಟಕದ್ದೇ ಪ್ರಕರಣದಲ್ಲಿ ಹೇಳಿದೆ.

ಬೆಂಗಳೂರಿನ ಸುತ್ತಲ ಹಳ್ಳಿಗಳಲ್ಲಿ ‘ಇಪ್ಪತ್ತೆಂಟು ಒಂದು ಆಗಿದೆ’ ಎಂದರೆ ಸಾಕು, ಇನ್ನೇನೂ ವಿವರಿಸಬೇಕಿಲ್ಲ. ಪ್ರಾಥಮಿಕ ಅಧಿಸೂಚನೆಯಾದ ಜಮೀನಿಗೆ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ. ಮಗಳ ಮದುವೆಗೆ ಅರ್ಧ ಎಕರೆ ಮಾರುತ್ತೇನೆಂದರೆ ಕೊಳ್ಳುವವರಿಲ್ಲ. ಕೊಳವೆಬಾವಿ ಕೊರೆಸಲೋ ಬೇಡವೋ, ಹೊಸ ದ್ರಾಕ್ಷಿ ಬಳ್ಳಿ ನೆಡಲೋ ಬೇಡವೋ ಎಂಬ ಗೊಂದಲದಲ್ಲಿ ವರ್ಷಗಳೇ ಕಳೆದುಹೋಗುತ್ತವೆ. ಆ ಹೊತ್ತಿಗೆ ಸರಿಯಾಗಿ ಬ್ರೋಕರ್ ಬರುತ್ತಾನೆ. ‘ಹೇಗೂ ಸರ್ಕಾರದ ಪಾಲಾಗುತ್ತೆ, ಸಿಕ್ಕಿದ್ದಕ್ಕೆ ಕೊಟ್ಟುಬಿಡಿ’ ಎನ್ನುತ್ತಾನೆ. ಅವನು ಕೊಂಡ ಮೇಲೆ ಅದೇ ಸರ್ವೆ ನಂಬರು ಡಿನೋಟಿಫೈ ಆಗುತ್ತದೆ. ಡಿನೋಟಿಫಿಕೇಷನ್ ಎಂಬ ಪದ ಕರ್ನಾಟಕದ ರಾಜಕಾರಣದಲ್ಲಿ ಎಷ್ಟು ಕುರ್ಚಿಗಳನ್ನು ಅಲ್ಲಾಡಿಸಿದೆ ಎಂಬುದು ಓದುಗರಿಗೆ ಹೊಸದಲ್ಲ. ಕಿತ್ತುಕೊಳ್ಳುವ ಅಧಿಕಾರ ಇರುವಲ್ಲಿ ಬಿಟ್ಟುಕೊಡುವ ಅಧಿಕಾರವೂ ಇರುತ್ತದೆ, ಎರಡಕ್ಕೂ ಬೆಲೆ ಕಟ್ಟುವವರು ಹುಟ್ಟಿಕೊಳ್ಳುತ್ತಾರೆ.

‘ಪರಿಹಾರ ಕೊಡುತ್ತಾರಲ್ಲ’ ಎನ್ನುವವರಿದ್ದಾರೆ. ಪರಿಹಾರ ಹೇಗೆ ಲೆಕ್ಕವಾಗುತ್ತದೆ ಎಂಬುದನ್ನು ತಿಳಿದರೆ ಈ ಮಾತಿನ ತೂಕ ತಿಳಿಯುತ್ತದೆ. 2013ರ ಕಾಯ್ದೆಯ ಪ್ರಕಾರ ಸುತ್ತಮುತ್ತಲ ಜಮೀನುಗಳ ಮೂರು ವರ್ಷದ ಕ್ರಯಪತ್ರಗಳನ್ನು ತೆಗೆದು, ಅವುಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟನ್ನು ಆರಿಸಿ, ಅವುಗಳ ಸರಾಸರಿ ಹಿಡಿಯುತ್ತಾರೆ. ಹಳ್ಳಿಯಾದರೆ ಅದನ್ನು ಒಂದರಿಂದ ಎರಡರೊಳಗಿನ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ. ಬಂದ ಮೊತ್ತಕ್ಕೆ ಅಷ್ಟೇ ಮೊತ್ತವನ್ನು ಸಾಂತ್ವನ ಧನವಾಗಿ ಸೇರಿಸುತ್ತಾರೆ. ಕೇಳಲು ಭರ್ಜರಿಯಾಗಿದೆ. ಆದರೆ ಮುದ್ರಾಂಕ ಶುಲ್ಕ ಉಳಿಸಲು ನಮ್ಮಲ್ಲಿ ಕ್ರಯಪತ್ರದಲ್ಲಿ ಬರೆಯುವ ಬೆಲೆಯೇ ಬೇರೆ, ಕೈಬದಲಾಗುವ ಹಣವೇ ಬೇರೆ. ಎಕರೆಗೆ ಒಂದೂವರೆ ಕೋಟಿಗೆ ಮಾರಿ ನಲವತ್ತು ಲಕ್ಷ ಎಂದು ಬರೆಸಿದ ಊರಿನಲ್ಲಿ ಒಂದೂವರೆಯಿಂದ ಗುಣಿಸಿ, ಸಾಂತ್ವನ ಧನ ಸೇರಿಸಿದರೂ ಕೈಗೆ ಬರುವುದು ಒಂದು ಕೋಟಿ ಇಪ್ಪತ್ತು ಲಕ್ಷ. ಮೂರು ಪಟ್ಟು ಕೊಟ್ಟೆವೆಂಬ ಹೆಸರು ಸರ್ಕಾರಕ್ಕೆ, ಮೂವತ್ತು ಲಕ್ಷದ ನಷ್ಟ ರೈತನಿಗೆ. ಇದು ಬರೀ ಉದಾಹರಣೆಯ ಲೆಕ್ಕ, ಆದರೆ ಇದರ ಸ್ವರೂಪ ಯಾವ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಚಹಾ ಕುಡಿಯುವವರಿಗೂ ಗೊತ್ತು.

ಇನ್ನೂ ಆಳವಾದ ಅನ್ಯಾಯ ಇರುವುದು ಮುಂದಿನ ಲಾಭದಲ್ಲಿ. ಯೋಜನೆ ಬಂದ ಮೇಲೆ ಅದೇ ಮಣ್ಣಿನ ಬೆಲೆ ಹತ್ತು ಪಟ್ಟಾಗುತ್ತದೆ. ಸ್ವಾಧೀನದ ದಿನದ ಬೆಲೆ ಪಡೆದು ಹೊರನಡೆದವನಿಗೆ ಅದರಲ್ಲಿ ಪಾಲಿಲ್ಲ. ಸಾರ್ವಜನಿಕ ಉದ್ದೇಶದ ಹೆಸರಿನಲ್ಲಿ ಹುಟ್ಟಿದ ಬೆಲೆಯೇರಿಕೆ ಖಾಸಗಿ ಲೆಕ್ಕಕ್ಕೆ ಜಮಾ ಆಗುತ್ತದೆ. ಇದಕ್ಕೆ ಪರಿಹಾರವೆಂಬಂತೆ ಕೆಐಎಡಿಬಿ ಎಕರೆಗೆ 10,771 ಚದರ ಅಡಿ ಅಭಿವೃದ್ಧಿಪಡಿಸಿದ ಜಾಗ ಕೊಡುವ ಆಯ್ಕೆಯನ್ನೂ ಮುಂದಿಡುತ್ತದೆ. ಕಾಲು ಎಕರೆಗೆ ಹತ್ತಿರ ಹತ್ತಿರ. ಇದು ಹಣಕ್ಕಿಂತ ಮೇಲು ಎಂದು ನಾನೂ ಒಪ್ಪುತ್ತೇನೆ. ಆದರೆ ಅರ್ಧ ಎಕರೆಯವನಿಗೆ ಇದರಿಂದ ಏನು ಬಂತು? ಮತ್ತು ಪಹಣಿಯಲ್ಲಿ ಹೆಸರೇ ಇಲ್ಲದವರಿಗೆ? ಕೂಲಿಗೆ ಹೋಗುವ ಹೆಂಗಸು, ಪಾಲಿಗೆ ಭೂಮಿ ಉಳುವವನು, ಗೋಮಾಳದಲ್ಲಿ ಕುರಿ ಮೇಯಿಸುವವನು, ಬಗರ್‌ಹುಕುಂ ಅರ್ಜಿ ಹಾಕಿ ಇಪ್ಪತ್ತು ವರ್ಷ ಕಾದವನು ಯಾವ ಕೌಂಟರಿನ ಮುಂದೆ ನಿಲ್ಲಬೇಕು?

ಕೊಟ್ಟ ಮಾತು ತಪ್ಪಿದರೆ ಏನು ಎಂಬುದು ಮತ್ತೊಂದು ಪ್ರಶ್ನೆ. ಬಳ್ಳಾರಿಯ ಕುಡಿತಿನಿ ಸುತ್ತಮುತ್ತ ಉಕ್ಕಿನ ಕಾರ್ಖಾನೆಗಳಿಗೆಂದು ಒಂದೂವರೆ ದಶಕದ ಹಿಂದೆ ಸಾವಿರಾರು ಎಕರೆ ಹಿಡಿದುಕೊಡಲಾಯಿತು. ಉಕ್ಕು ಬರಲಿಲ್ಲ. ಮನೆಗೊಂದು ಕೆಲಸವೆಂಬ ಆಸೆಗೆ ಜಮೀನು ಬಿಟ್ಟವರು 2022ರ ಕೊನೆಯಿಂದ ಧರಣಿ ಕೂತಿದ್ದಾರೆ: ಕಾರ್ಖಾನೆ ಕಟ್ಟಿ, ಇಲ್ಲವೇ ಸರಿಯಾದ ಬೆಲೆ ಕೊಡಿ, ಇಲ್ಲವೇ ಭೂಮಿ ವಾಪಸ್ ಕೊಡಿ. ಬೆಂಗಳೂರು–ಮೈಸೂರು ನಡುವಿನ ನೈಸ್ ಯೋಜನೆಯ ಕಥೆ ಇನ್ನೂ ಹಳೆಯದು. 1997ರ ಒಪ್ಪಂದದಲ್ಲಿ 111 ಕಿ.ಮೀ. ಎಕ್ಸ್‌ಪ್ರೆಸ್‌ವೇ, ಐದು ಟೌನ್‌ಶಿಪ್‌ಗಳು, ಅವಕ್ಕೆ 20,193 ಎಕರೆ. ಬೆಂಗಳೂರಿನ ಹೊರವಲಯದ ರಸ್ತೆಯಾಯಿತು, ಟೋಲ್ ಶುರುವಾಯಿತು, ಮೈಸೂರಿಗೆ ಮುಟ್ಟುವ ಎಕ್ಸ್‌ಪ್ರೆಸ್‌ವೇ ಕಾಗದದಲ್ಲೇ ಉಳಿಯಿತು. 2023ರಲ್ಲಿ ಉದ್ಘಾಟನೆಯಾದ ಮೈಸೂರು ಹೆದ್ದಾರಿಯನ್ನು ಕಟ್ಟಿದ್ದು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ, ಅದೂ ಬೇರೆ ಜಮೀನಿನಲ್ಲಿ. ಸುಪ್ರೀಂ ಕೋರ್ಟ್ 2006ರಲ್ಲಿ ನೈಸ್ ಯೋಜನೆಯನ್ನು ಎತ್ತಿಹಿಡಿಯಿತು. ಟಿ.ಬಿ. ಜಯಚಂದ್ರ ನೇತೃತ್ವದ ಸದನ ಸಮಿತಿ 2016ರಲ್ಲಿ ಹೆಚ್ಚುವರಿ ಜಮೀನನ್ನು ವಾಪಸ್ ಪಡೆಯಿರಿ ಎಂದಿತು. ಮೊದಲ ಒಡಂಬಡಿಕೆಯ ಕಾಲದಲ್ಲಿ ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ದೇವೇಗೌಡರೇ ಆಮೇಲೆ ಅದರ ಕಡು ವಿರೋಧಿಯಾದರು ಎಂಬುದು ಈ ಕಥೆಯೊಳಗಿನ ಉಪಕಥೆ. ಇಲ್ಲಿ ರಸ್ತೆ ಗೆರೆಯಾಗಿತ್ತು, ಅದಕ್ಕೆ ಸ್ವಾಧೀನ ಬೇಕೇ ಇತ್ತು. ರಸ್ತೆಯ ಬೆನ್ನಿಗೆ ಟೌನ್‌ಶಿಪ್ಪನ್ನು ಕಟ್ಟಿದ್ದರಿಂದಲೇ ಯೋಜನೆ ಕೆಟ್ಟಿತು ಎಂಬುದು ನನ್ನ ತಿಳಿವಳಿಕೆ.

ಸಿಂಗೂರಿನ ತೀರ್ಪಿನಲ್ಲಿ ಒಬ್ಬ ಕನ್ನಡಿಗರ ಪಾತ್ರವಿದೆ. ಟಾಟಾ ನ್ಯಾನೊ ಕಾರಿಗೆಂದು ಪಶ್ಚಿಮ ಬಂಗಾಳ ಸರ್ಕಾರ 2006ರಲ್ಲಿ ಅಲ್ಲಿ 997 ಎಕರೆ ಹಿಡಿಯಿತು. ಎರಡೇ ವರ್ಷದಲ್ಲಿ ಕಂಪನಿ ಗುಜರಾತಿನ ಸಾಣಂದಕ್ಕೆ ಹೊರಟುಹೋಯಿತು. 2016ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ಸ್ವಾಧೀನವನ್ನು ರದ್ದುಗೊಳಿಸಿತು. ಇಬ್ಬರೂ ರದ್ದೆಂದರು, ಕಾರಣ ಬೇರೆ ಬೇರೆ. ನ್ಯಾಯಮೂರ್ತಿ ಅರುಣ್ ಮಿಶ್ರಾ ಅವರ ಪ್ರಕಾರ ಉದ್ದೇಶ ಸಾರ್ವಜನಿಕವೇ, ಆಕ್ಷೇಪಣೆಗಳನ್ನು ಸರಿಯಾಗಿ ಕೇಳದ್ದು ತಪ್ಪು. ಚಿಂತಾಮಣಿ ಕಡೆಯವರಾದ ನ್ಯಾಯಮೂರ್ತಿ ವಿ. ಗೋಪಾಲಗೌಡ ಅವರ ಪ್ರಕಾರ ಅದು ಕಂಪನಿಗಾಗಿ ಮಾಡಿದ ಸ್ವಾಧೀನ, ಸಾರ್ವಜನಿಕ ಉದ್ದೇಶದ ಹೊದಿಕೆ ಅದಕ್ಕೆ ಸಲ್ಲದು. ರೈತರಿಗೆ ಹನ್ನೆರಡು ವಾರದಲ್ಲಿ ಜಮೀನು ಮರಳಿಸಿ, ಪಡೆದ ಪರಿಹಾರವನ್ನು ಅವರು ಹಿಂದಿರುಗಿಸಬೇಕಿಲ್ಲ, ಹತ್ತು ವರ್ಷ ಅವರ ಬದುಕು ಹೋಗಿದೆ ಎಂದು ಪೀಠ ಆದೇಶಿಸಿತು. ಆದರೆ ಮೂಲ ಪ್ರಶ್ನೆಗೆ ಇಬ್ಬರು ಎರಡು ಉತ್ತರ ಕೊಟ್ಟಿದ್ದರಿಂದ ಕಾನೂನು ಇದ್ದಲ್ಲೇ ಇದೆ.

ಇನ್ನು ದೇವನಹಳ್ಳಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ 2022ರ ಜನವರಿಯಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಟಿತು. ಉದ್ದೇಶ ವೈಮಾನಿಕ ಉದ್ಯಮಗಳ ಪಾರ್ಕು. ದ್ರಾಕ್ಷಿ, ರಾಗಿ, ಹಿಪ್ಪುನೇರಳೆ, ತರಕಾರಿ, ಹಾಲು ಇರುವ ಊರುಗಳು ಅವು. ಏಪ್ರಿಲ್ 4ರಂದು ಧರಣಿ ಶುರುವಾಯಿತು. ಒಂದು ಸರ್ಕಾರ ಹೋಗಿ ಇನ್ನೊಂದು ಬಂತು. ವಿರೋಧ ಪಕ್ಷದಲ್ಲಿದ್ದಾಗ ರೈತರ ಬೆನ್ನಿಗೆ ನಿಂತವರು ಅಧಿಕಾರಕ್ಕೆ ಬಂದ ಮೇಲೂ ಅಧಿಸೂಚನೆ ಹಿಂದೆ ಹೋಗಲಿಲ್ಲ. 2025ರ ಜೂನ್‌ನಲ್ಲಿ ಮೂರು ಹಳ್ಳಿಗಳ 495 ಎಕರೆ ಬಿಡುತ್ತೇವೆಂದರು. ರೈತರು ಒಪ್ಪಲಿಲ್ಲ. ಜೂನ್ 25ರ ‘ದೇವನಹಳ್ಳಿ ಚಲೋ’ದಲ್ಲಿ ಪೊಲೀಸರು ಹೋರಾಟಗಾರರನ್ನು ಎತ್ತಿಕೊಂಡು ಹೋದರು. ಕೊನೆಗೆ ಜುಲೈ 15ರಂದು, ಧರಣಿಯ 1,198ನೇ ದಿನ, ಮುಖ್ಯಮಂತ್ರಿ ಸಿದ್ದರಾಮಯ್ಯ ಇಡೀ ಸ್ವಾಧೀನವನ್ನು ಕೈಬಿಟ್ಟೆವೆಂದು ಘೋಷಿಸಿದರು.

ಅಂದು ಅವರು ಇನ್ನೊಂದು ಮಾತನ್ನೂ ಸೇರಿಸಿದರು: ಸ್ವಇಚ್ಛೆಯಿಂದ ಕೊಡಲು ಮುಂದೆ ಬರುವವರ ಜಮೀನನ್ನು ಒಳ್ಳೆಯ ಬೆಲೆಗೆ ಸರ್ಕಾರ ಕೊಳ್ಳುತ್ತದೆ. ಪತ್ರಿಕೆಗಳು ಈ ಮಾತನ್ನು ಒಳಪುಟದ ವಿವರವಾಗಿ ಕಂಡವು. ನನಗೆ ಇದೇ ಮುಖ್ಯ ಸುದ್ದಿಯಾಗಿ ಕಂಡಿತು. 2025ರ ಜುಲೈನಲ್ಲಿ ಕೊಳ್ಳಲು ಸಾಧ್ಯವಿದ್ದದ್ದು 2022ರ ಜನವರಿಯಲ್ಲೂ ಸಾಧ್ಯವಿತ್ತು. ಕೊಡಲು ಮನಸ್ಸಿದ್ದ ರೈತರು ಆಗಲೂ ಇದ್ದರು. ಬೆಲೆ ಸಿಕ್ಕರೆ ಕೊಡುತ್ತೇವೆಂದು ಕೆಲವರು ಸರ್ಕಾರದ ಮುಂದೆ ಹೋಗಿದ್ದೂ ಉಂಟು. ಅವರನ್ನು ಹುಡುಕಿ ಮಾತಾಡುವ ಬದಲು ಎಲ್ಲರ ಪಹಣಿಯ ಮೇಲೂ ಒಟ್ಟಿಗೆ ಕೈಯಿಟ್ಟರು. ಬಲವಂತ ಅನಿವಾರ್ಯವಾಗಿರಲಿಲ್ಲ. ಅದು ಅಗ್ಗವಾಗಿತ್ತು, ಅಷ್ಟೇ.

ಎದುರುವಾದ ಇಲ್ಲವೆಂದಲ್ಲ. ಕೈಗಾರಿಕೆ ಬೇಡವೆಂದು ಕೂತರೆ ಪಕ್ಕದ ರಾಜ್ಯ ಕರೆದೊಯ್ಯುತ್ತದೆ. ದೇವನಹಳ್ಳಿಯ ಘೋಷಣೆಯ ಬೆನ್ನಲ್ಲೇ ಆಂಧ್ರದ ಸಚಿವ ನಾರಾ ಲೋಕೇಶ್ ವೈಮಾನಿಕ ಕಂಪನಿಗಳಿಗೆ ಬಹಿರಂಗವಾಗಿಯೇ ಆಹ್ವಾನ ಕೊಟ್ಟರು. ನಮ್ಮ ಹಿಡುವಳಿಗಳು ಚೂರುಚೂರು. ಸಾವಿರ ಎಕರೆ ಎಂದರೆ ಸಾವಿರ ಮನೆಯ ಬಾಗಿಲು ತಟ್ಟಬೇಕು, ಅದರಲ್ಲಿ ಅರ್ಧ ದಾಯಾದಿ ವ್ಯಾಜ್ಯದಲ್ಲಿರುತ್ತವೆ. ಕಂಪನಿಯನ್ನೇ ನೇರವಾಗಿ ಕೊಳ್ಳಲು ಬಿಟ್ಟರೆ ಬ್ರೋಕರುಗಳೂ ಪುಂಡರೂ ಸೇರಿ ರೈತನನ್ನು ಇನ್ನಷ್ಟು ಸುಲಿಯಬಹುದು ಎಂಬ ಮಾತಿನಲ್ಲೂ ಸತ್ಯವಿದೆ. ಕೊನೆಯ ವಾದ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಆದರೆ ಅದು ಹೇಳುವುದು ಸರ್ಕಾರ ನಡುವೆ ನಿಂತು ವ್ಯವಹಾರವನ್ನು ಕಾಯಬೇಕು ಎಂದು. ರೈತನ ‘ಇಲ್ಲ’ ಎನ್ನುವ ಹಕ್ಕನ್ನೇ ತೆಗೆಯಬೇಕು ಎಂದಲ್ಲ.

ಚೂರು ಹಿಡುವಳಿಗಳನ್ನು ಒಪ್ಪಿಗೆಯಿಂದ ಕೂಡಿಸಲಾಗದು ಎಂಬ ವಾದಕ್ಕೆ ಉತ್ತರ ಪಾವಗಡದಲ್ಲೇ ಇದೆ. ತುಮಕೂರು ಜಿಲ್ಲೆಯ ಆ ಬರದ ಸೀಮೆಯಲ್ಲಿ, ತಿರುಮಣಿ ಸುತ್ತಲ ಊರುಗಳಲ್ಲಿ, ಸುಮಾರು 13,000 ಎಕರೆಯ ಮೇಲೆ 2,000 ಮೆಗಾವಾಟ್‌ನ ಸೋಲಾರ್ ಪಾರ್ಕ್ ನಿಂತಿದೆ. ಒಂದು ಎಕರೆಯನ್ನೂ ರೈತರಿಂದ ಕಿತ್ತುಕೊಂಡಿಲ್ಲ. ಎರಡು ಸಾವಿರಕ್ಕೂ ಹೆಚ್ಚು ರೈತರು ಗುತ್ತಿಗೆಗೆ ಕೊಟ್ಟಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುತ್ತದೆ. ಪಹಣಿ ಇಂದಿಗೂ ಅವರ ಹೆಸರಲ್ಲೇ ಇದೆ. ಅಲ್ಲೂ ಕೊರತೆಯಿದೆ: ಕೂಲಿ ಮಾಡುತ್ತಿದ್ದವರಿಗೆ ಕೆಲಸ ಹೋಯಿತು, ಬಾಡಿಗೆಯಲ್ಲಿ ಪಾಲಿಲ್ಲ. ಒಣಭೂಮಿಯಲ್ಲಿ ಆದದ್ದು ನೀರಾವರಿ ಭೂಮಿಯಲ್ಲಿ ಆಗುವುದು ಕಷ್ಟ ಎಂಬುದೂ ನಿಜ. ಆದರೆ ಆ ಕಷ್ಟ ಬೆಲೆಯದ್ದು; ಒಳ್ಳೆಯ ಭೂಮಿಗೆ ಹೆಚ್ಚು ಕೊಡಬೇಕಾಗುತ್ತದೆ. ಗದಗದ ಹಳ್ಳಿಗುಡಿಯಲ್ಲಿ 2011ರಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಜಮೀನು ಹಿಡಿಯಲು ಹೋದಾಗ ತೋಂಟದ ಸಿದ್ಧಲಿಂಗ ಸ್ವಾಮೀಜಿ ರೈತರ ಜೊತೆ ನಿಂತರು, ಸರ್ಕಾರ ಹಿಂದೆ ಸರಿಯಿತು. ಆದರೆ ಎಲ್ಲ ಊರಿಗೂ ಅಂಥ ಸ್ವಾಮೀಜಿ ಇರುವುದಿಲ್ಲ, ಎಲ್ಲರೂ 1,198 ದಿನ ಕೂರಲಾರರು. ಹಕ್ಕು ಕಾಗದದಲ್ಲಿರಬೇಕು, ಹೋರಾಟದ ತಾಕತ್ತಿನ ಮೇಲೆ ನಿಲ್ಲಬಾರದು.

ಇದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ. 1966ರ ಕಾಯ್ದೆ ವಿಧಾನಸೌಧದ್ದೇ, ತಿದ್ದುವ ಕೈಯೂ ಅಲ್ಲೇ ಇದೆ. ಜಮೀನು ಖಾಸಗಿ ಕೈಗೆ ಹೋಗುವುದಾದರೆ 2013ರ ಕಾಯ್ದೆಯಲ್ಲಿರುವ ಶೇ 80ರ ಒಪ್ಪಿಗೆಯೂ ಪರಿಣಾಮದ ಅಧ್ಯಯನವೂ ಕೆಐಎಡಿಬಿಗೆ ಅನ್ವಯಿಸುತ್ತವೆ ಎಂದು ಒಂದು ಕಲಮು ಸೇರಿಸಿದರೆ ಸಾಕು. ಇಂತಿಷ್ಟು ವರ್ಷದಲ್ಲಿ ಕಾರ್ಖಾನೆ ಬರದಿದ್ದರೆ ಜಮೀನು ತಂತಾನೇ ಮೂಲ ಕುಟುಂಬಕ್ಕೆ ಮರಳಬೇಕು. ಬೇರೆ ಕಂಪನಿಗೋ ಬೇರೆ ಉದ್ದೇಶಕ್ಕೋ ಹೊರಳಬಾರದು. ಪ್ರಾಥಮಿಕ ಅಧಿಸೂಚನೆಗೆ ಒಂದು ವಾಯಿದೆ ಇರಬೇಕು. ಭೂಮಿಯಿಲ್ಲದೆ ಭೂಮಿಯ ಮೇಲೆ ಬದುಕುವವರ ಪಟ್ಟಿ ಮೊದಲೇ ತಯಾರಾಗಬೇಕು. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಗಿದೆ. ಆ ತಿದ್ದುಪಡಿಯ ಬಗ್ಗೆ ನನಗೆ ಬೇರೆ ತಕರಾರುಗಳಿವೆ, ಅವು ಇರಲಿ. ಕೊಳ್ಳುವ ದಾರಿಯನ್ನು ಅಷ್ಟು ಅಗಲ ಮಾಡಿದ ಮೇಲೂ ಕಿತ್ತುಕೊಳ್ಳುವ ದಾರಿಯನ್ನು ಹಾಗೇ ಇಟ್ಟುಕೊಳ್ಳುವುದಕ್ಕೆ ಸರ್ಕಾರದ ಬಳಿ ಯಾವ ಸಮರ್ಥನೆಯೂ ಉಳಿದಿಲ್ಲ. ನಿಮ್ಮ ಶಾಸಕರು ಈ ಸಲ ಊರಿಗೆ ಬಂದಾಗ ಯಾವ ಯೋಜನೆ ತರುತ್ತೀರಿ ಎಂದು ಕೇಳುವ ಮೊದಲು ಈ ತಿದ್ದುಪಡಿಯನ್ನು ಯಾವಾಗ ತರುತ್ತೀರಿ ಎಂದು ಕೇಳಿ. ಅಷ್ಟರೊಳಗೆ ನಿಮ್ಮ ಮನೆಗೇ ಆಕ್ಷೇಪಣೆ ಕೇಳುವ 28(2)ರ ನೋಟಿಸು ಬಂದರೆ, ಅದು ಕೈಸೇರಿದ ಮೂವತ್ತು ದಿನದೊಳಗೆ ಆಕ್ಷೇಪಣೆಯನ್ನು ಬರಹದಲ್ಲಿ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.